ಕೈಗೆ ಒಗ್ಗುವ ಡೆಸ್ಕ್‌ಟಾಪ್

ಮಗಳೇ,

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಳ್ಳುತ್ತೇನೆ, ಯಾವ ಡೆಸ್ಕ್‌ಟಾಪ್ ಒಳ್ಳೆಯದು ಹೇಳು ದೊಡ್ಡಮ್ಮ ಅಂತ ಕೇಳಿದ್ದೀಯ. ಒಂದು ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ಇನ್ನು ಮೂರು ನಾಲ್ಕು ವರ್ಷ ಆ ಪರದೆಯ ಮುಂದೆ ಕೂತು ಕನ್ನಡದಲ್ಲಿ ಪಿಎಚ್.ಡಿ. ಪ್ರಬಂಧ ಬರೆಯಬೇಕಾದವಳು ನೀನು. ಅದಕ್ಕೇ ಏನನ್ನು ನೋಡಿ ಆರಿಸಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ಹೆಸರನ್ನೂ ಹೇಳುತ್ತೇನೆ, ಸ್ವಲ್ಪ ತಾಳು.

ನಿನ್ನ ಲ್ಯಾಪ್‌ಟಾಪ್ ಹಳೆಯದಾಗಿದೆ, ಕೆಟ್ಟಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ನಿನ್ನದರಲ್ಲಿರುವ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಇದರಿಂದಾಗಿ ನಿನ್ನ ಹಾಗೆ ಲಿನಕ್ಸ್ ಕಡೆ ಹೊರಟವರು ಬಹಳ ಜನ. ಅದೇ ಅಕ್ಟೋಬರ್ 14ರಂದೇ, 1996ರಲ್ಲಿ, ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಖ್ ಕೆಡಿಇ ಯೋಜನೆಯನ್ನು ಪ್ರಕಟಿಸಿದ. ಆಗ ಲಿನಕ್ಸಿನಲ್ಲಿ ಒಂದೊಂದು ತಂತ್ರಾಂಶ ಒಂದೊಂದು ಥರ ಕಾಣುತ್ತಿತ್ತು, ಒಂದೊಂದು ಥರ ನಡೆದುಕೊಳ್ಳುತ್ತಿತ್ತು. ಒಂದರಲ್ಲಿ ಕಲಿತ ಕೀಲಿ ಇನ್ನೊಂದರಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಕಂಪ್ಯೂಟರ್ ಪಂಡಿತರಲ್ಲದ ಸಾಮಾನ್ಯ ಬಳಕೆದಾರರಿಗೆ ಎಲ್ಲವೂ ಒಂದೇ ರೀತಿ ಕಾಣುವ, ಒಂದೇ ರೀತಿ ನಡೆಯುವ ಪರದೆ ಬೇಕು ಅನ್ನುವುದು ಅವನ ಅಳಲು. ಒಳಗೆ ಓಡುವುದು ಲಿನಕ್ಸ್. ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗ ಡೆಸ್ಕ್‌ಟಾಪ್. ಮೆನು, ಕೆಳಗಿನ ಪಟ್ಟಿ, ಕಿಟಕಿಗಳ ಅಂಚು, ಫೈಲುಗಳನ್ನು ತೋರಿಸುವ ತಂತ್ರಾಂಶ, ಸೆಟ್ಟಿಂಗ್ಸ್ ಎಲ್ಲ ಅದರದೇ.

ಕಾಲೇಜಿನ ಲ್ಯಾಬಿನಲ್ಲಿ ನಾನಿದ್ದಷ್ಟು ಕಾಲ ಮಕ್ಕಳನ್ನು ಕೇಳಿದಾಗಲೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು. ಚೆನ್ನಾಗಿ ಕಾಣಬೇಕು ಮೇಡಂ, ಬೇಗ ತೆರೆಯಬೇಕು, ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳುವಂತಿರಬೇಕು. ಮೂರೂ ನಿಜವೇ. ಆದರೆ ಲ್ಯಾಬಿನ ಯಂತ್ರಗಳಿಗೆ ಹೊಸ ಆವೃತ್ತಿ ಹಾಕಿದ ಮರುದಿನ ಅದೇ ಮಕ್ಕಳು ತರುತ್ತಿದ್ದ ದೂರುಗಳಲ್ಲಿ ಚಂದದ ಮಾತಿರುತ್ತಿರಲಿಲ್ಲ, ವೇಗದ ಮಾತೂ ಇರುತ್ತಿರಲಿಲ್ಲ. ಆ ಬಟನ್ ಎಲ್ಲಿ ಹೋಯಿತು, ನಿನ್ನೆ ಈ ಕೀಲಿ ಒತ್ತಿದರೆ ಕಿಟಕಿ ಪಕ್ಕಕ್ಕೆ ಸರಿಯುತ್ತಿತ್ತು, ಇವತ್ತು ಯಾಕೆ ಸರಿಯುತ್ತಿಲ್ಲ. ಜನ ನಿಜವಾಗಿ ಬೆಲೆ ಕೊಡುವುದು ಯಾವುದಕ್ಕೆ ಅನ್ನುವುದು ಅದು ಕೈತಪ್ಪಿದಾಗ ತಿಳಿಯುತ್ತದೆ. ಕರೆಂಟು ಹೋದಾಗಲೂ ಕೈ ನೇರ ಉಪ್ಪಿನ ಡಬ್ಬಿಗೇ ಹೋಗುತ್ತದಲ್ಲ, ಡೆಸ್ಕ್‌ಟಾಪಿನ ಮೇಲೂ ಕೈಗೆ ಅಂಥದೇ ಒಂದು ನೆನಪು ಕೂರುತ್ತದೆ. ಆ ನೆನಪನ್ನು ಕದಲಿಸದ ಡೆಸ್ಕ್‌ಟಾಪೇ ನಿನಗೆ ಒಳ್ಳೆಯದು. ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಅದನ್ನು ಪರೀಕ್ಷೆ ಮಾಡುವ ಬಗೆ.

ನಿನ್ನ ಕೈಗೆ ಈಗಾಗಲೇ ಬಂದಿರುವ ದೊಡ್ಡ ಕಲಿಕೆ ಕನ್ನಡ ಟೈಪಿಂಗ್. ಅಲ್ಲಿಂದಲೇ ಶುರು ಮಾಡು. ನೀನು ಕಲಿತದ್ದು ನುಡಿ ತಂತ್ರಾಂಶದಲ್ಲಿ, ಅಂದರೆ ಕೆ.ಪಿ. ರಾವ್ ರೂಪಿಸಿದ ಕಗಪ ವಿನ್ಯಾಸದಲ್ಲಿ. ‘ಕನ್ನಡ’ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಡಕಾರಕ್ಕೆ ಡಬ್ಲ್ಯೂ ಯಾಕೆ ಅಂತ ನೀನು ಈಗ ಯೋಚಿಸುವುದೇ ಇಲ್ಲ, ಬೆರಳೇ ಹೋಗುತ್ತದೆ. ಇದನ್ನು ಬಿಟ್ಟು ಬೇರೆ ವಿನ್ಯಾಸ ಕಲಿ ಅಂತ ಯಾವ ಡೆಸ್ಕ್‌ಟಾಪೂ ನಿನ್ನನ್ನು ಒತ್ತಾಯಿಸಬಾರದು. ಒತ್ತಾಯಿಸುವುದೂ ಇಲ್ಲ. ಲಿನಕ್ಸಿನ ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಜೊತೆ ಕಗಪವೂ ಇರುತ್ತದೆ, ಹೊರಗಿನಿಂದ ಏನನ್ನೂ ತಂದು ಹಾಕಬೇಕಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದ ಪ್ರಕಾರ ಬರೆಯುವ ಬಗೆ ಬೇಕಾದವರು ಐಬಸ್ ಎಂಬ ತಂತ್ರಾಂಶ ಹಾಕಿಕೊಂಡು ಅದಕ್ಕೆ ಎಂ17ಎನ್ ಸೇರಿಸಿಕೊಳ್ಳುತ್ತಾರೆ.

ಅಕ್ಷರ ಮೂಡಿತು ಅಂದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಒಂದು ಪೆನ್‌ಡ್ರೈವಿಗೆ ವೆಂಟಾಯ್ ಹಾಕಿಕೋ. ಆಗ ಒಂದೇ ಪೆನ್‌ಡ್ರೈವಿನಲ್ಲಿ ಬೇರೆ ಬೇರೆ ಡೆಸ್ಕ್‌ಟಾಪುಗಳ ಐಎಸ್‌ಓ ಫೈಲುಗಳನ್ನು ತುಂಬಿಕೊಂಡು, ಲ್ಯಾಪ್‌ಟಾಪಿನ ಡಿಸ್ಕನ್ನು ಮುಟ್ಟದೆ, ಒಂದೊಂದನ್ನೇ ಲೈವ್ ಆಗಿ ಓಡಿಸಿ ನೋಡಬಹುದು. ಪ್ರತಿಯೊಂದರಲ್ಲೂ ಲಿಬ್ರೆಆಫೀಸ್ ತೆರೆದು ಈ ಸಾಲು ಬರೆ: ಸ್ತ್ರೀ, ರಾಷ್ಟ್ರ, ಕೃಷ್ಣ, ಜ್ಞಾನ, ಸೂರ್ಯ, ರ‍್ಯಾಂಕ್. ಕೊನೆಯ ಎರಡನ್ನು ಹತ್ತಿರದಿಂದ ನೋಡು. ‘ಸೂರ್ಯ’ದಲ್ಲಿ ಅರ್ಕಾವೊತ್ತು ಬೇಕು, ‘ರ‍್ಯಾಂಕ್’ನಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಬೇಕು. ಎರಡನೆಯದಕ್ಕೆ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಗುರುತೊಂದನ್ನು ಹಾಕಬೇಕಾಗುತ್ತದೆ. ನಿನ್ನ ವಿನ್ಯಾಸದಲ್ಲಿ ಅದು ಯಾವ ಕೀಲಿಯಲ್ಲಿದೆ ಅಂತ ಹುಡುಕಿಟ್ಟುಕೋ. ಆಮೇಲೆ ಅದೇ ಸಾಲನ್ನು ಒಂದು ಫೋಲ್ಡರಿಗೆ ಹೆಸರಾಗಿ ಕೊಡು. ಅದನ್ನು ತೆರೆದು ಕೆಳಗಿನ ಪಟ್ಟಿಯಲ್ಲಿ, ಕಿಟಕಿಯ ತಲೆಪಟ್ಟಿಯಲ್ಲಿ ಆ ಹೆಸರು ಹೇಗೆ ಕಾಣುತ್ತದೆ ನೋಡು. ಸಾಲಿನ ಎತ್ತರ ಸಾಲದೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತಿದ್ದರೆ ಅಕ್ಷರದ ಗಾತ್ರವನ್ನೋ ಪಟ್ಟಿಯ ಎತ್ತರವನ್ನೋ ಹಿಗ್ಗಿಸಲು ಅಲ್ಲೇ ಸೆಟ್ಟಿಂಗ್ ಸಿಗುತ್ತದೆಯೇ ನೋಡು. ನೋಟೋ ಅಕ್ಷರಗಳನ್ನೂ ಗುಬ್ಬಿ, ನವಿಲು ಅಕ್ಷರಗಳನ್ನೂ ಹಾಕಿ ಹೋಲಿಸಿ ನೋಡು. ಟರ್ಮಿನಲ್ಲಿನಲ್ಲಿ ಮಾತ್ರ ಕನ್ನಡ ಚೆಲ್ಲಾಪಿಲ್ಲಿಯಾಗಿ ಕಂಡರೆ ಗಾಬರಿಯಾಗಬೇಡ. ಅಲ್ಲಿ ಪ್ರತಿ ಅಕ್ಷರಕ್ಕೂ ಅಳತೆ ಮಾಡಿದಂತೆ ಒಂದೇ ಅಗಲದ ಮನೆ, ನಮ್ಮ ಲಿಪಿ ಅದಕ್ಕೆ ಒಗ್ಗುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ, ಅದನ್ನು ಯಾವ ವಿಮರ್ಶೆಯಲ್ಲೂ ಎತ್ತಿ ಬರೆಯುವುದಿಲ್ಲ. ನೀನು ಪ್ರಬಂಧ ಬರೆಯುತ್ತಿರುವಾಗ ಒಂದು ಕಿಟಕಿಯಲ್ಲಿ ಕನ್ನಡ, ಬ್ರೌಸರಿನಲ್ಲಿ ಇಂಗ್ಲಿಷ್. ಕಿಟಕಿ ಬದಲಿಸಿದಾಗಲೆಲ್ಲ ಭಾಷೆಯನ್ನೂ ಬದಲಿಸಬೇಕಾಗಿ ಬಂದರೆ ಒಂದು ಸಂಜೆಗೇ ಬೇಸರ ಬಂದುಬಿಡುತ್ತದೆ. ಗ್ನೋಮ್ ಎಂಬ ಡೆಸ್ಕ್‌ಟಾಪಿನಲ್ಲೂ ಕೆಡಿಇಯವರ ಡೆಸ್ಕ್‌ಟಾಪಾದ ಪ್ಲಾಸ್ಮಾದಲ್ಲೂ ಕಿಟಕಿಗೊಂದು ಭಾಷೆಯನ್ನು ನೆನಪಿಟ್ಟುಕೊಳ್ಳುವ ಆಯ್ಕೆ ಇದೆ, ಕೀಲಿಮಣೆಯ ಸೆಟ್ಟಿಂಗ್ಸಿನಲ್ಲಿ ಹುಡುಕು. ಭಾಷೆ ಬದಲಿಸುವ ಕೀಲಿಯನ್ನು ನಿನಗೆ ಬೇಕಾದ ಕಡೆ ಇಟ್ಟುಕೊಳ್ಳಲು ಬಿಡುತ್ತದೆಯೇ ನೋಡು. ಕ್ಯಾಪ್ಸ್ ಲಾಕ್ ಕನ್ನಡಕ್ಕೆ ಬೇಕಾಗಿಯೇ ಇಲ್ಲ, ಅದನ್ನು ಈ ಕೆಲಸಕ್ಕೆ ಹಚ್ಚಿಕೊಂಡರೆ ಕಿರುಬೆರಳಿಗೆ ಸುಖ. ಕನ್ನಡದಲ್ಲಿರುವಾಗಲೇ ಕಂಟ್ರೋಲ್ ಮತ್ತು ಎಸ್ ಒತ್ತಿ ಫೈಲು ಉಳಿಯುತ್ತದೆಯೇ ಅನ್ನುವುದನ್ನೂ ಪರೀಕ್ಷಿಸು. ಪ್ಲಾಸ್ಮಾದಲ್ಲಿ ವೇಲ್ಯಾಂಡ್ (ಕಿಟಕಿಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆ) ಬಳಸುವಾಗ ಐಬಸ್ ಅಥವಾ ಅಂಥದೇ ಎಫ್‌ಸಿಐಟಿಎಕ್ಸ್ ಬೇಕಿದ್ದರೆ ಅದನ್ನು ಸೆಟ್ಟಿಂಗ್ಸಿನ ವರ್ಚುಯಲ್ ಕೀಬೋರ್ಡ್ ಪುಟದಲ್ಲಿ ಆರಿಸಬೇಕು. ಅದು ಅಲ್ಲಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ, ಅದಕ್ಕೇ ಹೇಳಿದೆ.

ಕೈಯ ನೆನಪಿಗೆ ನಾನು ಇಷ್ಟೊಂದು ಬೆಲೆ ಕೊಡುವುದಕ್ಕೆ ಲಿನಕ್ಸ್ ಡೆಸ್ಕ್‌ಟಾಪುಗಳ ಚರಿತ್ರೆಯಲ್ಲೇ ಸಾಕ್ಷಿ ಇದೆ. ಕೆಡಿಇ ಆಧರಿಸಿದ್ದ ಕ್ಯೂಟಿ ಎಂಬ ತಂತ್ರಾಂಶದ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದಕ್ಕೆ ಪರ್ಯಾಯವಾಗಿ 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆದೆರಿಕೋ ಮೆನಾ ಗ್ನೋಮ್ ಶುರು ಮಾಡಿದರು. ಎರಡೂ ಬೆಳೆದವು, ಜನರ ಕೈಗೆ ಕೂತವು. 2008ರ ಜನವರಿಯಲ್ಲಿ ಕೆಡಿಇ 4.0 ಬಂತು. ಒಳಗೆಲ್ಲ ಹೊಸದು, ಹೊರಗೆ ಎಷ್ಟೋ ಅನುಕೂಲಗಳು ಇನ್ನೂ ಬಂದಿರಲೇ ಇಲ್ಲ. ಡೆಸ್ಕ್‌ಟಾಪಿನ ಮೇಲೆ ಐಕಾನ್ ಇಡುವ ರೀತಿಯೇ ಬದಲಾಗಿಹೋಗಿತ್ತು. ದೊಡ್ಡ ಗದ್ದಲವಾಯಿತು. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದಾಗಲೂ ಹಾಗೆಯೇ. ಕೆಳಗಿನ ಪಟ್ಟಿ ಹೋಯಿತು, ಕಿಟಕಿಯನ್ನು ಚಿಕ್ಕದು ಮಾಡುವ ಗುಂಡಿ ಹೋಯಿತು, ಹಳೆಯ ಮೆನು ಹೋಯಿತು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸರೇ ಆಗ ಗ್ನೋಮ್ ಬಿಟ್ಟು ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿಗೆ ಹೋದರು. ಆಮೇಲೆ ಮರಳಿದರು ಅನ್ನು.

ಬಿಟ್ಟುಹೋದವರು ಸುಮ್ಮನೆ ಕೂರಲಿಲ್ಲ ನೋಡು, ನನಗೆ ಬಹಳ ಇಷ್ಟವಾಗುವುದು ಅದು. ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೆಯ ಗ್ನೋಮ್ 2ರ ಕೋಡನ್ನೇ ಎತ್ತಿಕೊಂಡು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದ. ಲಿನಕ್ಸಿನ ಒಂದು ವಿತರಣೆಯಾದ ಲಿನಕ್ಸ್ ಮಿಂಟ್‌ನವರು ಗ್ನೋಮ್ 3ರ ಅಡಿಪಾಯದ ಮೇಲೆಯೇ ಹಳೆಯ ರೀತಿಯ ಪಟ್ಟಿ, ಮೆನು ಇಟ್ಟು ಸಿನಮನ್ ಕಟ್ಟಿದರು. ಅದೇ 2011ರಲ್ಲಿ ಇನ್ನೊಂದು ವಿತರಣೆಯಾದ ಉಬುಂಟು ತನ್ನದೇ ಡೆಸ್ಕ್‌ಟಾಪ್ ಯೂನಿಟಿಯನ್ನು ಎಲ್ಲರ ಮುಂದಿಟ್ಟಿತು. ಜನ ಅದಕ್ಕೂ ಬೈದರು, ನಿಧಾನಕ್ಕೆ ಒಗ್ಗಿಕೊಂಡರು. 2017ರಲ್ಲಿ ಉಬುಂಟು ಅದನ್ನು ಕೈಬಿಟ್ಟು ಗ್ನೋಮ್‌ಗೆ ಮರಳಿದಾಗ ಒಗ್ಗಿಕೊಂಡಿದ್ದವರು ಮತ್ತೆ ನೊಂದುಕೊಂಡರು. ಯೂನಿಟಿ ಒಳ್ಳೆಯದೋ ಕೆಟ್ಟದೋ ಅನ್ನುವುದಲ್ಲ, ಕಲಿತದ್ದು ವ್ಯರ್ಥವಾಯಿತಲ್ಲ ಅನ್ನುವ ನೋವು ಅದು. ಬದಲಾವಣೆಗೆ ಹೆದರುವವರು ಅಂತ ಇವರನ್ನು ಹಳಿಯುವುದು ನನಗೆ ಸರಿ ಕಾಣುವುದಿಲ್ಲ. ಅವರು ಕಾಪಾಡಿಕೊಳ್ಳಲು ಹೊರಟದ್ದು ತಮ್ಮ ದಿನದ ಕೆಲಸವನ್ನು.

ಗ್ನೋಮ್‌ನವರ ಪಕ್ಷವನ್ನೂ ಕೇಳಿಸಿಕೋ, ಅದರಲ್ಲೂ ಹುರುಳಿದೆ. ಹ್ಯಾವಕ್ ಪೆನ್ನಿಂಗ್ಟನ್ ಎಂಬ ಗ್ನೋಮ್ ತಂತ್ರಜ್ಞ 2002ರಲ್ಲಿ ಬರೆದ ಲೇಖನವೊಂದರಲ್ಲಿ ಒಂದು ವಾದ ಮುಂದಿಟ್ಟ. ಪ್ರತಿ ಆಯ್ಕೆಗೂ ಬೆಲೆ ತೆರಬೇಕಾಗುತ್ತದೆ, ಆಯ್ಕೆಗಳು ಹೆಚ್ಚಿದಷ್ಟೂ ಪರೀಕ್ಷಿಸಬೇಕಾದ ಜೋಡಣೆಗಳು ಹೆಚ್ಚುತ್ತವೆ, ದೋಷಗಳು ಅಡಗಿಕೊಳ್ಳಲು ಜಾಗ ಹೆಚ್ಚುತ್ತದೆ ಅಂತ. ಪ್ಲಾಸ್ಮಾದ ಸೆಟ್ಟಿಂಗ್ಸ್ ತೆರೆದು ಅದರ ಆಳಕ್ಕೆ ಇಳಿದವರಿಗೆ ಈ ಮಾತು ಅರ್ಥವಾಗುತ್ತದೆ. ಗ್ನೋಮ್ ಕಡಿಮೆ ಕೇಳುತ್ತದೆ, ಕಡಿಮೆ ತೋರಿಸುತ್ತದೆ. ಸೂಪರ್ ಕೀಲಿ, ಅಂದರೆ ವಿಂಡೋಸ್ ಗುರುತಿನ ಕೀಲಿ, ಒತ್ತಿದರೆ ತೆರೆದ ಕಿಟಕಿಗಳೆಲ್ಲ ಒಮ್ಮೆಗೇ ಹರಡಿಕೊಳ್ಳುತ್ತವೆ, ಹೆಸರಿನ ಎರಡಕ್ಷರ ಬರೆದರೆ ಬೇಕಾದದ್ದು ಬರುತ್ತದೆ. ಸಣ್ಣ ಪರದೆಯ ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡಿನ ಮೇಲೆ ಮೂರು ಬೆರಳು ಆಡಿಸಿ ಕೆಲಸ ಮಾಡುವವರಿಗೆ ಇದಕ್ಕಿಂತ ಹಿತವಾದದ್ದು ಅಪರೂಪ. ಏನೂ ಕಲಿಯದ ಕೈಗೆ ಗ್ನೋಮ್ ಒಳ್ಳೆಯ ಗುರು. ನಿನ್ನದು ವಿಂಡೋಸಿನಲ್ಲಿ ಆಗಲೇ ಕಲಿತ ಕೈ.

ಎರಡನೆಯ ಪರೀಕ್ಷೆ ಫೈಲುಗಳದು. ನೀನು ಹಳೆಯ ಪತ್ರಿಕೆಗಳ ಮೇಲೆ ಕೆಲಸ ಮಾಡುವವಳು. ಗ್ರಂಥಾಲಯದಲ್ಲಿ ಕೂತು ‘ಪ್ರಬುದ್ಧ ಕರ್ನಾಟಕ’ದ ಸಂಚಿಕೆಗಳ ಪುಟ ಪುಟವನ್ನೂ ಫೋನಿನಲ್ಲಿ ತೆಗೆದುಕೊಂಡು ಬರುತ್ತೀಯ. ಸಂಜೆ ನೋಡಿದರೆ ಎಲ್ಲಕ್ಕೂ ಕ್ಯಾಮೆರಾ ಕೊಟ್ಟ ಅರ್ಥವಿಲ್ಲದ ಸಂಖ್ಯೆಗಳೇ ಹೆಸರು. ಎಕ್ಸ್‌ಎಫ್‌ಸಿಇಯ ಫೈಲ್ ತಂತ್ರಾಂಶ ಥುನಾರ್‌ನಲ್ಲಿ ಎಲ್ಲವನ್ನೂ ಆರಿಸಿ ಎಫ್2 ಒತ್ತು. ಒಂದು ಕಿಟಕಿ ತೆರೆಯುತ್ತದೆ. ಎಡಗಡೆ ಹಳೆಯ ಹೆಸರು, ಬಲಗಡೆ ಆಗಲಿರುವ ಹೊಸ ಹೆಸರು. ಸಂಪುಟ, ಸಂಚಿಕೆ ಬರೆದು ಪುಟಸಂಖ್ಯೆ ತಾನಾಗಿ ಏರುವಂತೆ ಹೇಳಿದರೆ ಬಲಗಡೆಯ ಸಾಲು ಪೂರ್ತಿ ಕಣ್ಣೆದುರಿಗೇ ಬದಲಾಗುತ್ತದೆ. ಸರಿಯಾಗಿದೆ ಅನ್ನಿಸಿದ ಮೇಲೆ ಒಪ್ಪಿಗೆ ಕೊಟ್ಟರಾಯಿತು. ಬೇರೆ ಡೆಸ್ಕ್‌ಟಾಪುಗಳಲ್ಲೂ ಈ ಸೌಲಭ್ಯವಿದೆ, ಆದರೆ ಥುನಾರ್‌ನದು ನನ್ನ ಕಣ್ಣಿಗೆ ಎಲ್ಲಕ್ಕಿಂತ ಅಚ್ಚುಕಟ್ಟು.

ಇನ್ನು ಎಫ್3. ಪ್ಲಾಸ್ಮಾದ ಡಾಲ್ಫಿನ್, ಸಿನಮನ್‌ನ ನೆಮೋ, ಈಚಿನ ಥುನಾರ್, ಮೂರರಲ್ಲೂ ಎಫ್3 ಒತ್ತಿದರೆ ಕಿಟಕಿ ನಡುವೆ ಸೀಳಿ ಎರಡಾಗುತ್ತದೆ. ಎಡಕ್ಕೆ ಫೋನಿನ ಚಿತ್ರಗಳು, ಬಲಕ್ಕೆ ನಿನ್ನ ಅಧ್ಯಾಯದ ಫೋಲ್ಡರು, ಎಳೆದು ಹಾಕುತ್ತಾ ಹೋಗುವುದು. ಗ್ನೋಮ್‌ನ ಫೈಲ್ಸ್‌ನಲ್ಲೂ ಒಂದು ಕಾಲಕ್ಕೆ ಇದಿತ್ತು. 2012ರಲ್ಲಿ 3.6 ಆವೃತ್ತಿಯಲ್ಲಿ ಅದನ್ನು ತೆಗೆದರು. ಮಿಂಟ್‌ನವರು ಅದರ ಹಿಂದಿನ ಆವೃತ್ತಿಯ ಕೋಡನ್ನು ಹಿಡಿದು ನೆಮೋ ಮಾಡಿಕೊಂಡರು. ಇಂಥ ಅನುಕೂಲಗಳಿಗಾಗಿ ಜನ ಬೇರೆ ತಂತ್ರಾಂಶವನ್ನೇ ಕಟ್ಟುತ್ತಾರೆ ಅಂದರೆ ಅವುಗಳ ಬೆಲೆ ಎಷ್ಟಿರಬೇಕು ಯೋಚಿಸು. ಫೋನಿನಿಂದ ಚಿತ್ರಗಳನ್ನು ತಂತಿಯಿಲ್ಲದೆ ತರಲು ಕೆಡಿಇ ಕನೆಕ್ಟ್ ಹಾಕಿಕೋ, ಹೆಸರಲ್ಲಿ ಕೆಡಿಇ ಇದ್ದರೂ ಬೇರೆ ಡೆಸ್ಕ್‌ಟಾಪುಗಳಲ್ಲೂ ನಡೆಯುತ್ತದೆ. ಪ್ಲಾಸ್ಮಾದಲ್ಲಿ ಸೂಪರ್ ಮತ್ತು ವಿ ಒತ್ತಿದರೆ ಹಿಂದೆ ಕಾಪಿ ಮಾಡಿದ್ದೆಲ್ಲ ಪಟ್ಟಿಯಾಗಿ ಬರುತ್ತದೆ. ಅಡಿಟಿಪ್ಪಣಿ ಬರೆಯುವವರಿಗೆ ಅದು ವರ. ಎಕ್ಸ್‌ಎಫ್‌ಸಿಇಯಲ್ಲಿ ಅದೇ ಕೆಲಸಕ್ಕೆ ಕ್ಲಿಪ್‌ಮ್ಯಾನ್ ಇದೆ.

ಕಣ್ಣಿನ ಬಗ್ಗೆ ನಿನ್ನ ವಯಸ್ಸಿನಲ್ಲಿ ಯಾರೂ ಯೋಚಿಸುವುದಿಲ್ಲ, ಆದರೂ ಹೇಳುತ್ತೇನೆ, ಕೇಳು. ನಮ್ಮ ಒತ್ತಕ್ಷರಗಳು ಸಣ್ಣವು. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ಪರದೆಯ ಎಲ್ಲವನ್ನೂ ಒಂದೂಕಾಲು ಪಟ್ಟು ಹಿಗ್ಗಿಸಿದಾಗ ಅಕ್ಷರಗಳು ಮಸುಕಾಗುತ್ತವೆಯೋ ಚೂಪಾಗಿಯೇ ಉಳಿಯುತ್ತವೆಯೋ ನೋಡು. ಈ ಕೆಲಸದಲ್ಲಿ ಈಗ ಪ್ಲಾಸ್ಮಾ ಮುಂದಿದೆ, ಅದರಲ್ಲೂ ವೇಲ್ಯಾಂಡಿನಲ್ಲಿ ಲ್ಯಾಪ್‌ಟಾಪಿಗೊಂದು, ಪಕ್ಕದ ಮಾನಿಟರಿಗೊಂದು ಅಳತೆ ಇಟ್ಟುಕೊಳ್ಳಬಹುದು. ಸಂಜೆ ಬೆಳಕನ್ನು ಹಳದಿಗೆ ತಿರುಗಿಸುವ ಸೌಲಭ್ಯ ಗ್ನೋಮ್, ಪ್ಲಾಸ್ಮಾ ಎರಡರಲ್ಲೂ ಇದೆ.

ಕಣ್ಣು ಕಾಣದ ನಿನ್ನ ಗೆಳತಿಯೂ ಲಿನಕ್ಸ್ ನೋಡಬೇಕು ಅಂದಿದ್ದಳಲ್ಲ, ಅವಳಿಗೆ ಈ ಪತ್ರದ ಅರ್ಧ ಭಾಗ ಬೇಕಾಗಿಲ್ಲ. ಅವಳಿಗೆ ಬೇಕಾದದ್ದು ಓರ್ಕಾ, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ರೂಪುಗೊಂಡು 2006ರಲ್ಲಿ ಗ್ನೋಮ್‌ನ ಭಾಗವಾಯಿತು. ಈಸ್ಪೀಕ್ ಎನ್‌ಜಿ ಮೂಲಕ ಅದು ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಆದರೆ ಅರ್ಥವಾಗುತ್ತದೆ. ಅವಳಿಗೆ ಗ್ನೋಮ್ ಹೇಳು. ಅಲ್ಲಿ ಆಲ್ಟ್, ಸೂಪರ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಓರ್ಕಾ ಮಾತಾಡಲು ಶುರು ಮಾಡುತ್ತದೆ. ಬೇರೆಯವರ ಸಹಾಯಕ್ಕೆ ಕಾಯದೆ ಅವಳೇ ಶುರು ಮಾಡಬಹುದು ಅನ್ನುವುದು ಇಲ್ಲಿ ದೊಡ್ಡ ವಿಷಯ.

ವೇಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯುಟಿ ಹಗುರ, ನಿಜ. ಆದರೆ ಬ್ರೌಸರಿನಲ್ಲಿ ಒಂದಷ್ಟು ಪುಟ ತೆರೆದರೆ ಯಾವ ಡೆಸ್ಕ್‌ಟಾಪ್ ತಿನ್ನುವುದಕ್ಕಿಂತಲೂ ಹೆಚ್ಚು ಮೆಮೊರಿಯನ್ನು ಅದೇ ತಿನ್ನುತ್ತದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸು. ಯಾವ ಡೆಸ್ಕ್‌ಟಾಪ್ ಬದಲಿಸಿದರೂ ಸಿಗದ ವೇಗ ಅದರಿಂದ ಸಿಗುತ್ತದೆ.

ಈಗ ಹೆಸರು. ನಿನ್ನ ಯಂತ್ರದಲ್ಲಿ 8 ಜಿಬಿ ಮೆಮೊರಿ ಇದ್ದರೆ ಲಿನಕ್ಸ್ ಮಿಂಟ್ ಹಾಕಿಕೋ, ಸಿನಮನ್ ಇರುವುದು. 4 ಜಿಬಿ ಇದ್ದರೆ ಅದೇ ಮಿಂಟ್, ಎಕ್ಸ್‌ಎಫ್‌ಸಿಇ ಇರುವುದು. ಕಾರಣ ಹೇಳುತ್ತೇನೆ. ಎಕ್ಸ್‌ಎಫ್‌ಸಿಇಯನ್ನು ಒಲಿವಿಯೆ ಫೂರ್ದಾನ್ ಎಂಬುವರು ಶುರು ಮಾಡಿದ್ದು 1996ರಲ್ಲಿ. ಅದರ ಈಚಿನ ಹೆಜ್ಜೆಗಳನ್ನು ನೋಡು: 4.16 ಬಂದದ್ದು 2020ರ ಡಿಸೆಂಬರ್‌ನಲ್ಲಿ, 4.18 2022ರ ಡಿಸೆಂಬರ್‌ನಲ್ಲಿ, 4.20 2024ರ ಡಿಸೆಂಬರ್‌ನಲ್ಲಿ. ಎರಡು ವರ್ಷಕ್ಕೊಂದು ಹೆಜ್ಜೆ, ಅದೂ ಮೆನು ಕಿತ್ತು ಬೇರೆ ಕಡೆ ನೆಡುವಂಥದ್ದಲ್ಲ. ಸಿನಮನ್ ಕೂಡ ಹುಟ್ಟಿದಾಗಿನಿಂದ ತನ್ನ ಒಟ್ಟು ವಿನ್ಯಾಸ ಬದಲಿಸಿಲ್ಲ. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ, ನಿನ್ನ ಪ್ರಬಂಧ ಬಹುಪಾಲು ಅಷ್ಟರೊಳಗೆ ಮುಗಿದಿರುತ್ತದೆ. ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಅದಕ್ಕೆ ಬೇಕಾದ ರೂಪ ಕೊಡುವ ಎಕ್ಸ್‌ಟೆನ್ಶನ್‌ಗಳು ಆ ಹೊತ್ತಿಗೆ ಎಷ್ಟೋ ಸಲ ಕೆಡುತ್ತವೆ. ಯಾರೋ ಬಿಡುವಿನಲ್ಲಿ ಬರೆದ ಎಕ್ಸ್‌ಟೆನ್ಶನ್ ಮೇಲೆ ನಿನ್ನ ದಿನದ ಕೆಲಸ ನಿಲ್ಲಬಾರದು. ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಸಿನಮನ್, ಎಕ್ಸ್‌ಎಫ್‌ಸಿಇ ಎರಡರಲ್ಲೂ ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲಿದೆ, ಅವು ಓಡುವುದು ವೇಲ್ಯಾಂಡಿಗೂ ಮುಂಚಿನ, 1987ರ ಎಕ್ಸ್11 ಮೇಲೆಯೇ. ಸದ್ಯಕ್ಕೆ ನಿನಗೆ ಅದರಿಂದ ತೊಂದರೆಯಿಲ್ಲ. ಎರಡು ಬೇರೆ ಬೇರೆ ಅಳತೆಯ ಮಾನಿಟರು ಹಚ್ಚಿಕೊಳ್ಳುವವಳಾಗಿದ್ದರೆ ಪ್ಲಾಸ್ಮಾ ಅನ್ನುತ್ತಿದ್ದೆ.

ಹಾಕಿಕೊಂಡ ಮೇಲೆ ಒಂದು ವಾರ ಬೇಕಾದಷ್ಟು ತಿದ್ದಿಕೋ. ಪಟ್ಟಿ ಎಲ್ಲಿರಬೇಕು, ಬಣ್ಣ ಯಾವುದು, ಯಾವ ಕೀಲಿಗೆ ಯಾವ ಕೆಲಸ, ಎಲ್ಲ. ಆಮೇಲೆ ಕೈ ತೆಗೆದುಬಿಡು. ಅಂತರ್ಜಾಲದಲ್ಲಿ ಮಿರುಗುವ ಡೆಸ್ಕ್‌ಟಾಪ್ ಚಿತ್ರಗಳು ಕಾಣುತ್ತವೆ, ಇದನ್ನು ಬಿಟ್ಟು ಅದನ್ನು ಹಾಕೋಣ ಅನ್ನಿಸುತ್ತದೆ, ಅದೂ ಅಧ್ಯಾಯ ಒಪ್ಪಿಸುವ ಹಿಂದಿನ ವಾರವೇ ಅನ್ನಿಸುತ್ತದೆ. ಆ ಆಸೆಯನ್ನು ಪೆನ್‌ಡ್ರೈವಿನಲ್ಲೇ ತೀರಿಸಿಕೋ. ಇರುವ ವ್ಯವಸ್ಥೆಯ ಮೇಲೆಯೇ ಎರಡು ಮೂರು ಡೆಸ್ಕ್‌ಟಾಪ್ ಪೇರಿಸಬೇಡ. ಮೆನುವಿನಲ್ಲಿ ಒಂದೇ ಕೆಲಸದ ತಂತ್ರಾಂಶಗಳು ಎರಡೆರಡು ಕೂತು ಗೊಂದಲವಾಗುತ್ತದೆ. ಹಾಕಿಸುವಾಗಲೇ ನಿನ್ನ ಫೈಲುಗಳಿರುವ ಹೋಮ್ ಫೋಲ್ಡರಿಗೆ ಬೇರೆ ಪಾರ್ಟಿಶನ್ ಮಾಡಿಸು, ಪ್ರಬಂಧದ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಡು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಅದನ್ನು ನೀನು ಮಾಡಲೇಬೇಕು. ಈ ಡೆಸ್ಕ್‌ಟಾಪುಗಳನ್ನು ಕಟ್ಟುವವರಲ್ಲಿ ಬಹುಪಾಲು ಜನರಿಗೆ ಕನ್ನಡ ಓದಲು ಬಾರದು. ಒತ್ತಕ್ಷರ ಕತ್ತರಿಸಿಹೋದರೆ ಅದು ತಪ್ಪು ಅಂತ ಅವರಿಗೆ ಕಾಣುವುದೇ ಇಲ್ಲ. ನಾವು ಹೇಳಬೇಕು. ಅಂಥ ತಪ್ಪು ಕಂಡಾಗ ಅವರಿಗೆ ವರದಿ ಬರೆ, ಹೀಗೆ: ಯಾವ ಡೆಸ್ಕ್‌ಟಾಪ್, ಯಾವ ಆವೃತ್ತಿ, ವೇಲ್ಯಾಂಡೋ ಎಕ್ಸ್11ಓ, ಯಾವ ಫಾಂಟು, ಎಷ್ಟು ಗಾತ್ರ. ಯಾವ ಅಕ್ಷರಗಳನ್ನು ಯಾವ ಕ್ರಮದಲ್ಲಿ ಒತ್ತಿದಾಗ ಹೀಗಾಯಿತು ಅನ್ನುವುದನ್ನು ಬಿಡಿಸಿ ಹೇಳು. ಎರಡು ಚಿತ್ರ ಹಾಕು, ಒಂದು ಈಗ ಕಾಣುವ ಹಾಗೆ, ಇನ್ನೊಂದು ಕಾಣಬೇಕಾದ ಹಾಗೆ. ಎರಡನೆಯದರಲ್ಲಿ ಬಿಟ್ಟುಹೋದ ಒತ್ತಿನ ಸುತ್ತ ಕೆಂಪು ಗೆರೆ ಎಳೆ, ನಮ್ಮ ಲಿಪಿ ಬಾರದವರಿಗೆ ಅದಿಲ್ಲದೆ ವ್ಯತ್ಯಾಸ ತಿಳಿಯುವುದಿಲ್ಲ. ಇಂಗ್ಲಿಷ್ ತಪ್ಪಾದೀತು ಅಂತ ಸಂಕೋಚ ಬೇಡ. ಓದುವವರಲ್ಲೂ ಎಷ್ಟೋ ಜನರಿಗೆ ಇಂಗ್ಲಿಷ್ ಮನೆಮಾತಲ್ಲ. ಮೊದಲ ವರದಿ ಬರೆದಾಗ ನನಗೆ ಕಳಿಸು, ಇಬ್ಬರೂ ಕೂತು ನೋಡೋಣ.